ಪುಸ್ತಕ ಮುಟ್ಟದೆ ಪಾಠ ಮಾಡುತ್ತಿದ್ದವರು

ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಮೂರನೇ ತರಗತಿಗೆ ಕನ್ನಡ ಹೇಳಿಕೊಡುತ್ತಲೇ ತಲೆಕೂದಲು ಬೆಳ್ಳಗಾಗಿಸಿಕೊಂಡ ನಾನು, ಈ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿನಿಯಾದೆ. ಓದಲು ತಡಬಡಾಯಿಸುವ ಮಕ್ಕಳನ್ನು ಗುರುತಿಸಿ, ಅವರಿಗೆ ಓದು ಕಲಿಸುವ ಶಿಕ್ಷಕರನ್ನು ತಯಾರು ಮಾಡುವ ಸ್ನಾತಕೋತ್ತರ ಡಿಪ್ಲೊಮಾ ಅದು. ಶನಿವಾರ ಮಧ್ಯಾಹ್ನ ಬಸವನಗುಡಿಯ ಕಾಲೇಜಿನಲ್ಲಿ ಪಾಠ. ಪಾಸಾದರೆ ನಾವು ‘ಓದು ತಜ್ಞರು’. “ಹಾಗಾದ್ರೆ ಇಷ್ಟು ವರ್ಷ ಏನು ಕಲಿಸ್ತಿದ್ದೆ?” ಎಂದು ನಮ್ಮತ್ತೆ ಕೇಳಿದರು. ಸಿಟ್ಟಿನಲ್ಲಿ ಬ್ಯಾಗು ಹೆಗಲಿಗೇರಿಸಿ ಬಸ್ಸಿಗೆ ಹೊರಟೆ.

ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ಶೇಷಾದ್ರಿಪುರಂ ಕಡೆಯ ಶಾಲೆಯ ಹಿರಿಯ ಶಿಕ್ಷಕಿ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ನಿವೃತ್ತಿಗೆ ಕೆಲವೇ ವರ್ಷ ಉಳಿದಿತ್ತು. ಪುಸ್ತಕ ಮುಟ್ಟದೆ ಇಡೀ ಪಾಠ ಒಪ್ಪಿಸುವವರೆಂದು ಅವರಿಗೆ ದೊಡ್ಡ ಹೆಸರು. ಅವರು ಒಂದು ಸಾಲು ಹೇಳುವುದು, ಮಕ್ಕಳು ಒಕ್ಕೊರಲಿನಿಂದ ಅದನ್ನೇ ಹೇಳುವುದು, ಆ ದನಿ ರಸ್ತೆಯವರೆಗೂ ಕೇಳುವುದು. ಬಾಯಿಪಾಠವೆಂದರೆ ಕೈಮುಗಿಯುವ ಜನ ನಾವು. ಅವರ ಹೆಡ್ ಮಾಸ್ಟರು ಶಾಲೆಯ ಪರವಾಗಿ ಅವರನ್ನೇ ಆರಿಸಿ ಈ ಕೋರ್ಸಿಗೆ ಕಳಿಸಿದ್ದರು.

ಕಾಲೇಜಿನಲ್ಲಿ ಕೊಡುತ್ತಿದ್ದ ಟಿಪ್ಪಣಿಗಳನ್ನು ಅಕ್ಕ ನನ್ನ ಕೈಗಿಡುತ್ತಿದ್ದರು. “ಕಣ್ಣಿಗೆ ಪೊರೆ ಬಂದಿದೆ ಕಣೆ, ನೀನೇ ಒಂಚೂರು ಓದ್ಬಿಡು.” ನಾನು ಓದುತ್ತಿದ್ದೆ. ಒಮ್ಮೆ ಕೇಳಿದ್ದನ್ನು ಅವರು ವಾರ ಬಿಟ್ಟು ಕೇಳಿದರೂ ಹಾಗೆಯೇ ಹೇಳುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನ ತಲೆಯಲ್ಲಿ ಬೆಳಿಗ್ಗೆ ಕೇಳಿದ್ದು ಸಂಜೆಗೆ ನಿಲ್ಲುವುದಿಲ್ಲ.

ಪ್ರಾಯೋಗಿಕ ಪರೀಕ್ಷೆಗೆ ಒಂದು ನಿಯಮವಿತ್ತು. ಪಠ್ಯಪುಸ್ತಕದ ಪಾಠ ಬಳಸುವಂತಿಲ್ಲ. ಯಾರೂ ಕಂಡಿರದ ಹೊಸ ಪುಟವೊಂದನ್ನು ಅಲ್ಲೇ ಕೈಗೆ ಕೊಡುತ್ತಾರೆ. ಶಿಕ್ಷಕರು ಮೊದಲು ಅದನ್ನು ಗಟ್ಟಿಯಾಗಿ ಓದಿ ತೋರಿಸಬೇಕು, ಆಮೇಲೆ ಮಗು ಓದಬೇಕು. ಅಕ್ಕನಿಗೆ ಬಂದದ್ದು ಕಪ್ಪೆಯ ಮೇಲಿನ ಒಂದು ಪುಟ. ಎದುರಿಗೆ ಎರಡು ಜಡೆಯ ಪುಟ್ಟ ಹುಡುಗಿ. ಹಿಂದೆ ನಾವೆಲ್ಲ ಕೂತಿದ್ದೆವು.

ಮೊದಲ ಪದ ಬಂತು. ಎರಡನೆಯದು ಅಕ್ಷರ ಅಕ್ಷರವಾಗಿ ಬಂತು. ಒತ್ತಕ್ಷರ ಸಿಕ್ಕಿದ ಕಡೆ ನಾಲಿಗೆ ನಿಂತುಹೋಯಿತು. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ಪುಟದಲ್ಲಿ ಇಲ್ಲದ್ದನ್ನೇ ಸರಾಗವಾಗಿ ಹೇಳತೊಡಗಿದರು. ಹುಡುಗಿ ಬೆರಳಿಟ್ಟು ನೋಡುತ್ತಿದ್ದವಳು, “ಮಿಸ್, ಹಾಗಿಲ್ಲ ಇಲ್ಲಿ,” ಎಂದಳು. ಪೊರೆ ಇರಲಿಲ್ಲ. ಅಕ್ಕನಿಗೆ ಓದಲು ಬರುತ್ತಿರಲಿಲ್ಲ.

ನಮಗೆ ಪಾಠ ಮಾಡುತ್ತಿದ್ದ ಮೇಡಂ ಒಳ್ಳೆಯವರು. ಮಗುವನ್ನು ಹೊರಗೆ ಕಳಿಸಿ, ಇದು ದಡ್ಡತನವಲ್ಲ, ಮಕ್ಕಳಲ್ಲಿ ಗುರುತಿಸಲು ನಾವು ಕಲಿಯುತ್ತಿರುವ ತೊಂದರೆಯೇ ಇದು, ಈ ಮಾತು ಈ ಕೋಣೆ ದಾಟಬಾರದು ಎಂದರು. ನಾವೆಲ್ಲ ತಲೆಯಾಡಿಸಿದೆವು.

ಸಂಜೆ ಗಾಂಧಿಬಜಾರಿನ ಬಸ್ ಸ್ಟಾಪಿನಲ್ಲಿ ಅಕ್ಕ ತಾವಾಗಿ ಬಾಯಿಬಿಟ್ಟರು. “ಅಕ್ಷರ ಬರುತ್ತೆ ಕಣೆ, ಸಾಲು ಬರಲ್ಲ. ಚಿಕ್ಕೋಳಿಂದ ಹೀಗೇ, ಪರೀಕ್ಷೆಗಳೂ ಬಾಯಿಪಾಠದಲ್ಲೇ ದಾಟಿದ್ದು. ರಜೇಲಿ ನಮ್ ತಂಗಿ ಪಾಠ ಎಲ್ಲಾ ಓದಿ ಹೇಳ್ತಾಳೆ, ನಾನು ಬಾಯಿಪಾಠ ಮಾಡ್ಕೋತೀನಿ. ಪುಸ್ತಕ ಬದಲಾಯಿಸಿದ್ರೆ ಮತ್ತೆ ಮೊದಲಿಂದ.” ಆಮೇಲೆ ಅಂದರು: “ನನ್ ಥರದ ಮಕ್ಕಳು ನನ್ನ ಕ್ಲಾಸಲ್ಲೇ ಎಷ್ಟು ಜನ ದಾಟ್ಹೋದ್ರೋ. ಎಲ್ರೂ ಒಟ್ಟಿಗೆ ಹೇಳ್ತಿದ್ರಲ್ಲ, ಯಾರಿಗೆ ಗೊತ್ತಾಗುತ್ತೆ? ನಂಗೆ ಕಲಿಸಿಕೊಡ್ತೀಯಾ? ರಿಟೈರ್ ಆಗೋದ್ರೊಳಗೆ ಒಂದ್ಸಲ ಪುಸ್ತಕ ಕೈಲಿ ಹಿಡ್ಕೊಂಡು ಮಕ್ಕಳಿಗೆ ಓದಿ ಹೇಳ್ಬೇಕು.”

ಹೂಂ ಎಂದೆ.

ಭಾನುವಾರಗಳಂದು ತ್ಯಾಗರಾಜನಗರದ ಅವರ ಮನೆಯಲ್ಲಿ ಕೂರುತ್ತಿದ್ದೆವು. ರಟ್ಟಿನಲ್ಲಿ ಕಿಂಡಿ ಕತ್ತರಿಸಿ, ಒಂದು ಸಲಕ್ಕೆ ಒಂದೇ ಪದ ಕಾಣುವ ಹಾಗೆ ಸಾಲಿನ ಮೇಲೆ ಸರಿಸುವುದು. ಅವರು ಊಹಿಸಿ ಹೇಳಿದರೆ ನಾನು ಗದರುತ್ತಿದ್ದೆ. “ಮನಸ್ಸಿಂದ ಹೇಳ್ಬೇಡಿ ಅಕ್ಕ, ಕಣ್ಣಿಂದ ಹೇಳಿ.” ಆ ವಯಸ್ಸಿನ ಹೆಂಗಸು ಎರಡನೇ ತರಗತಿಯ ಮಗುವಿನ ಹಾಗೆ ಬೈಸಿಕೊಂಡು ಮತ್ತೆ ಬೆರಳಿಡುತ್ತಿದ್ದರು. ಅಳುತ್ತಿದ್ದದ್ದೂ ಉಂಟು. ಅವರ ತಂಗಿ ಕಾಫಿ ತಂದಿಟ್ಟು, ಮುಖ ನೋಡದೆ ಒಳಗೆ ಹೋಗಿಬಿಡುತ್ತಿದ್ದಳು. ದಸರೆಯ ಹೊತ್ತಿಗೆ ಪೇಪರಿನ ಅಡುಗೆ ಅಂಕಣವನ್ನು ನಿಧಾನವಾಗಿ, ತಾವೇ ಓದಿದರು. ಆ ದಿನ ನನಗಾದ ಸಂತೋಷ ನನ್ನ ಮಗ ಪಾಸಾದಾಗಲೂ ಆಗಿರಲಿಲ್ಲ.

ಅಷ್ಟರಲ್ಲಿ ಮಾತು ಕೋಣೆ ದಾಟಿತ್ತು. ನಮ್ಮ ಬ್ಯಾಚಿನ ಮಹಾನುಭಾವರೊಬ್ಬರು ಯಾವುದೋ ಮದುವೆಯ ಊಟದಲ್ಲಿ ಇದನ್ನು ತಮಾಷೆಯ ಕಥೆಯಾಗಿ ಹೇಳಿದ್ದರು. ಪಕ್ಕದ ಎಲೆಯಲ್ಲಿ ಕೂತಿದ್ದವರು ಅಕ್ಕನ ಶಾಲೆಯ ಆಡಳಿತ ಮಂಡಳಿಯವರು. ಆ ಕಥೆ ಹೇಳಿದವರ ಬಾಯಿಗೆ ಮಣ್ಣು ಬೀಳಲಿ ಎಂದು ಅಂದು ಶಪಿಸಿದೆ. ಆ ಶಾಪವನ್ನು ನಾನಿನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ಅಕ್ಕ ಕಾಲೇಜಿಗೆ ಬರುವುದು ನಿಂತಿತು, ಫೋನೂ ಎತ್ತಲಿಲ್ಲ. ನಾನೇ ಮನೆಗೆ ಹೋದೆ. ಸೋಫಾದ ಮೇಲೆ ಕೂತಿದ್ದರು. ಆಡಳಿತ ಮಂಡಳಿಯ ಆದೇಶ ಬಂದಿತ್ತು, ಇನ್ನು ಮುಂದೆ ತರಗತಿ ಇಲ್ಲವಂತೆ. ಸಮವಸ್ತ್ರ ಹಂಚುವುದು, ಬಿಸಿಯೂಟದ ಉಸ್ತುವಾರಿ, ನಿವೃತ್ತಿಯವರೆಗೆ ಇಷ್ಟೇ.

“ಹೆಡ್ ಮಾಸ್ಟ್ರು ಆರ್ಡರ್ ಕೈಲಿ ಹಿಡ್ಕೊಂಡು, ‘ಕೂತ್ಕೊಳಿ ಮೇಡಂ, ನಾನೇ ಓದಿ ಹೇಳ್ತೀನಿ’ ಅಂದ್ರು,” ಎಂದರು ಅಕ್ಕ. “ಸ್ಟಾಫ್ ಎಲ್ಲಾ ಅಲ್ಲೇ ಇದ್ರು. ಬೇಡ ಸರ್, ಕೊಡಿ ಅಂತ ಇಸ್ಕೊಂಡೆ. ನಿಂತ್ಕೊಂಡೇ ಓದ್ದೆ, ಗಟ್ಟಿಯಾಗಿ, ಮೇಲಿಂದ ಕೆಳಗಿನವರೆಗೂ.”

ನಾನು ಅವರ ಕೈ ಹಿಡಿದುಕೊಂಡೆ.

“ಒಂದು ಅಕ್ಷರಾನೂ ತಪ್ಪಲಿಲ್ಲ ಕಣೆ,” ಎಂದರು.