ಬೆಟ್ಟ ಹತ್ತುವ ಗೆಳತಿ

ಐವತ್ತೆಂಟಕ್ಕೆಲ್ಲ ನನ್ನ ಎರಡೂ ಮೊಣಕಾಲು ಸವೆದವು. ಇನ್ನು ಮೆಟ್ಟಿಲು ಹತ್ತಲೇಬೇಡಿ ಎಂದರು ಡಾಕ್ಟರು. ಮನೆಗೆ ಬಂದು ಅತ್ತುಬಿಟ್ಟೆ, ನೋವಿಗಲ್ಲ. ಎಷ್ಟೋ ವರ್ಷದಿಂದ ಶ್ರಾವಣದ ಶನಿವಾರಗಳಲ್ಲಿ ಕಣಕಟ್ಟೆಯಿಂದ ಮೊದಲ ಬಸ್ಸು ಹಿಡಿದು, ಅರಸೀಕೆರೆ ಹತ್ತಿರದ ಮಾಲೇಕಲ್ಲು ತಿರುಪತಿ ಬೆಟ್ಟ ಹತ್ತುತ್ತಿದ್ದೆ. ನನಗೆ ಗೊತ್ತಿದ್ದ ಪ್ರಾರ್ಥನೆ ಅದೊಂದೇ. ಸ್ತೋತ್ರ, ಮಂತ್ರ ಬಾಯಿಗೆ ಬರುವುದಿಲ್ಲ. ಏದುಸಿರು ಬಿಡುತ್ತ ಗೋವಿಂದ ಗೋವಿಂದ ಎನ್ನುವುದು, ಮೇಲೆ ಹೋಗಿ ಕೈಮುಗಿಯುವುದು, ಅಷ್ಟೇ.

ಜೊತೆಗೆ ಬರುತ್ತಿದ್ದವಳು ಪಕ್ಕದ ಮನೆಯ ಗೆಳತಿ. ನನಗಿಂತ ಎರಡು ವರ್ಷ ದೊಡ್ಡವಳು. ಅವಳ ಕಾಲಿಗೆ ಏನೂ ಆಗಲಿಲ್ಲ.

ನಾನು ಬಿಟ್ಟ ಮೇಲೂ ಅವಳು ಹೋದಳು. ಬೆಟ್ಟದ ತುದಿಯಿಂದ ಮೊಬೈಲಿಗೆ ಫೋಟೊ ಕಳಿಸುವಳು. ಸಂಜೆ ಪ್ರಸಾದ ತಂದು, "ನಿನ್ನ ಹೆಸರಲ್ಲೂ ಅರ್ಚನೆ ಮಾಡ್ಸಿದೀನಿ ಕಣೇ" ಎನ್ನುವಳು. ನನ್ನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ನನ್ನ ಹೆಸರನ್ನು ಇವಳೇಕೆ ಹೊತ್ತುಕೊಂಡು ಹೋಗಬೇಕು? ಒಂದು ಶನಿವಾರ ಆ ತುಳಸಿ, ಕೊಬ್ಬರಿ ಚೂರನ್ನು ಹಸುವಿನ ಕಲಗಚ್ಚಿನ ಬಾನಿಗೆ ಹಾಕಿದೆ. ದೇವರ ಗೂಡಿನ ಮುಂದೆ ಕಣ್ಣು ಮುಚ್ಚಿದರೆ ಅವಳ ಕಾಲುಗಳೇ ಕಾಣುತ್ತಿದ್ದವು. ಅವಳಿಗೂ ಒಂದು ಸಲ ಕಾಲು ಹಿಡಿದುಕೊಳ್ಳಲಿ ಎಂದು ಬೇಡಿದ್ದೂ ಉಂಟು. ಬರೆಯಲು ನಾಚಿಕೆಯಾಗುತ್ತದೆ.

ಆ ಶ್ರಾವಣದ ಕೊನೆಯ ಶನಿವಾರ ಯಾರಿಗೂ ಹೇಳದೆ, ಅವಳು ಹೋದ ಮೇಲೆ ಮುಂದಿನ ಬಸ್ಸಿಗೆ ನಾನೂ ಹೊರಟೆ. ಮೂವತ್ತೋ ನಲವತ್ತೋ ಮೆಟ್ಟಿಲು ಹತ್ತಿರಬೇಕು, ಬಲಗಾಲು ಮಡಚಲಾರದೆ ನಿಂತುಬಿಟ್ಟಿತು. ಮೇಲೂ ಹೋಗಲಾರೆ, ಕೆಳಗೂ ಬರಲಾರೆ. ಅಲ್ಲೇ ಕೂತೆ. ಇಳಿದು ಬರುತ್ತಿದ್ದ ಅವಳು ನೋಡಿ ಹೌಹಾರಿದಳು.

"ನಿಂಗೇನು ಬುದ್ಧಿ ಐತೇನೇ?"

"ನಿನ್ನ ಕಾಲು ಕಂಡ್ರೆ ನಂಗೆ ಹೊಟ್ಟೆಉರಿ ಕಣೇ. ನೀನು ತಂದ ಪ್ರಸಾದಾನ ಹಸುಗೆ ಹಾಕ್ದೆ" ಎಂದುಬಿಟ್ಟೆ.

ಅವಳ ಮುಖ ಚಿಕ್ಕದಾಯಿತು. ಸೀರೆ ಒದರಿ ಪಕ್ಕದಲ್ಲಿ ಕೂತಳು. ಆಮೇಲೆ ಹೇಳಿದಳು, "ನಮ್ಮತ್ತೆ ಆರು ವರ್ಷ ಹಾಸಿಗೆ ಹಿಡಿದಿದ್ರಲ್ಲ, ಆಗ ನೀನೊಬ್ಳೇ ಹತ್ತಿ ಬಂದು ನಂಗೆ ಪ್ರಸಾದ ಕೊಡ್ತಿದ್ದೆ. ನಾನೂ ಹಲ್ಲು ಕಚ್ಕೊಂಡೇ ಇಸ್ಕೊತಿದ್ದೆ."

"ಆಗ ದೇವ್ರಿಗೆ ಏನ್ ಮಾಡ್ತಿದ್ದೆ?"

"ಏನ್ ಮಾಡೋದು? ಅವರ ಬಟ್ಟೆ ಒಗೆಯೋವಾಗ ಗೋವಿಂದ ಅಂತಿದ್ದೆ. ಎಷ್ಟೋ ದಿನ ಅದೂ ಬೈಗುಳದ ಥರಾನೇ ಬರ್ತಿತ್ತು."

ಆ ಆರು ವರ್ಷದಲ್ಲಿ, ಅತ್ತೆಯನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಬೆಟ್ಟಕ್ಕೆ ಹೋಗಿ ಬಾ ಎಂದು ಒಂದು ದಿನವೂ ನಾನು ಹೇಳಿರಲಿಲ್ಲ. ಹೇಳಬಹುದಿತ್ತು ಎಂದು ಹೊಳೆದದ್ದೇ ಆ ಮೆಟ್ಟಿಲ ಮೇಲೆ. ಅವಳ ಹೆಗಲು ಹಿಡಿದು, ಒಂದೊಂದೇ ಮೆಟ್ಟಿಲಿಗೆ ಕೂತು ಕೂತು ಇಳಿದೆ.

ಈಗ ಶನಿವಾರ ಬಸ್ಸಿಗೆ ಇಬ್ಬರೂ ಹೋಗುತ್ತೇವೆ. ಅವಳು ಹತ್ತುತ್ತಾಳೆ, ನಾನು ಕೆಳಗಿನ ಗುಡಿಯಲ್ಲಿ ಕೂರುತ್ತೇನೆ. ಉಳಿದ ದಿನ ಸೊಪ್ಪು ಬಿಡಿಸುವಾಗ, ಕಾಲಿಗೆ ಎಣ್ಣೆ ತಿಕ್ಕುವಾಗ ದೇವರ ಹೆಸರು ಹೇಳುತ್ತೇನೆ. ಇದೂ ಒಂದು ಪ್ರಾರ್ಥನೆಯೇನು ಎಂದು ಮೊದಮೊದಲು ಅನುಮಾನವಿತ್ತು. ಈಗ ರೂಢಿಯಾಗಿದೆ. ಆದರೂ ಅವಳು ದಡದಡನೆ ಮೆಟ್ಟಿಲೇರುವುದು ಕಂಡರೆ ಒಳಗೆ ಚುರುಕ್ ಎನ್ನುತ್ತದೆ. ಮೊದಲಾದರೆ ಮುಚ್ಚಿಡುತ್ತಿದ್ದೆ. ಈಗ ಅದನ್ನೂ ದೇವರಿಗೆ ಹೇಳಿ, ಅವಳು ಇಳಿದು ಬರುವುದನ್ನು ಕಾಯುತ್ತೇನೆ.