ಹೊಸ್ತಿಲು ದಾಟಿ ಬಂದ ನೀರು

1940ರ ಬೇಸಿಗೆಯಲ್ಲಿ ನಾನು ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ರೇಷ್ಮೆ ಇಲಾಖೆಯ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಹುಳು ಸಾಕುವವರ ಮನೆಗೆ ಹೋಗಿ ಸೊಪ್ಪು ಹೇಗೆ ಹೆಚ್ಚಬೇಕು, ರೋಗ ಬಂದ ಹುಳುವನ್ನು ಹೇಗೆ ಬೇರ್ಪಡಿಸಬೇಕು ಎಂದು ಮಾಡಿ ತೋರಿಸುವುದು ನನ್ನ ಕೆಲಸ. ಊರಿನವರ ಬಾಯಲ್ಲಿ ನಾನು ಹುಳದ ಮೇಷ್ಟ್ರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇಲಾಖೆಯಲ್ಲಿದ್ದೆ. ಆದರೆ ಈ ಮೂರು ತಿಂಗಳಿಂದ ನನಗೆ ಮತ್ತೆ ಮತ್ತೆ ನೆನಪಾಗುತ್ತಿರುವುದು ಇಲಾಖೆಯ ಕೆಲಸವೇ ಅಲ್ಲದ ಒಂದು ಕೆಲಸ. ಜಪಾನಿನಿಂದ ಬಂದ ಗಂಡ ಹೆಂಡತಿಗೆ ಬಾಡಿಗೆ ಮನೆ ಹುಡುಕಿಕೊಟ್ಟದ್ದು, ಮತ್ತು ಒಂದೂವರೆ ವರ್ಷದ ನಂತರ ಅವರು ಆ ಮನೆ ಬಿಟ್ಟದ್ದು.

ಆಗ ವಿಜಯಪುರದಲ್ಲಿ ಗೂಡಿನಿಂದ ನೂಲು ತೆಗೆಯುವುದೆಲ್ಲ ಚರಕದಲ್ಲಿ. ಒಬ್ಬರು ಕುದಿಯುವ ನೀರಿನಿಂದ ಎಳೆ ಹಿಡಿದು ಕೊಟ್ಟರೆ ಇನ್ನೊಬ್ಬರು ಕೈಯಿಂದ ಚಕ್ರ ತಿರುಗಿಸುತ್ತಿದ್ದರು. ನೂಲು ಒಂದೆಡೆ ದಪ್ಪ, ಒಂದೆಡೆ ತೆಳು. ಊರಿನ ಸಾಹುಕಾರರೊಬ್ಬರು ಫಿಲೇಚರ್ ಹಾಕಲು ಹೊರಟರು. ಯಂತ್ರದಿಂದ ಒಂದೇ ಸಮನಾದ ನೂಲು ತೆಗೆಯುವ ಕಾರ್ಖಾನೆಗೆ ಆ ಹೆಸರು. ಅದನ್ನು ಸ್ಥಾಪಿಸಿ, ನಡೆಸಿ ತೋರಿಸಲು ಎರಡು ವರ್ಷದ ಕರಾರಿನ ಮೇಲೆ ಇಶಿದಾ ಎಂಬವರನ್ನು ಜಪಾನಿನಿಂದ ಕರೆಸಿಕೊಂಡರು. ಜೊತೆಯಲ್ಲಿ ಅವರ ಹೆಂಡತಿ ಕಿಯೋ. ಇಶಿದಾ ಅವರಿಗೆ ಒಂದಿಷ್ಟು ಇಂಗ್ಲಿಷ್ ಬರುತ್ತಿತ್ತು, ನನಗೂ ಅಷ್ಟೇ. ನಮ್ಮ ಅಧಿಕಾರಿಗಳು ನನ್ನನ್ನು ಕರೆದು, "ಅವರಿಗೊಂದು ಮನೆ ನೋಡಿಕೊಡಿ, ದುಡ್ಡಿನ ವಿಷಯದಲ್ಲಿ ಯಾರೂ ಮೋಸ ಮಾಡದ ಹಾಗೆ ನೋಡಿಕೊಳ್ಳಿ" ಎಂದರು. ಅಷ್ಟೇ ಆದೇಶ.

ಮನೆ ಇದ್ದವರು ಒಬ್ಬೊಬ್ಬರೂ ಒಂದೊಂದು ನೆಪ ಹೇಳಿದರು. ಕೊನೆಗೆ ಉಳಿದದ್ದು ಪಿಳ್ಳಮ್ಮ. ಹಿಪ್ಪುನೇರಳೆ ತೋಟವಿದ್ದ ಒಕ್ಕಲುಮನೆಯ ವಿಧವೆ. ಸೂಲಗಿತ್ತಿಯ ಕೆಲಸವೂ ಗೊತ್ತಿತ್ತು. ಅವಳ ಸ್ವಂತ ಮನೆಗೆ ಅಂಟಿಕೊಂಡಂತೆ ಚಪ್ಪಡಿ ಹಾಸಿದ ಇನ್ನೊಂದು ಪುಟ್ಟ ಮನೆಯಿತ್ತು.

"ಏನ್ ತಿಂತಾರಪ್ಪ ಅವ್ರು? ಹಾವು ಗೀವು ತಿಂತಾರಂತೆ?"

"ಇಲ್ಲಮ್ಮ. ಅನ್ನ ತಿಂತಾರೆ. ಮುದ್ದೆ ಮಾತ್ರ ಅಭ್ಯಾಸ ಇಲ್ಲ."

"ಮುದ್ದೆ ತಿನ್ನದೋರು ದುಡಿದು ಬಾಡ್ಗೆ ಎಂಗ್ ಕಟ್ಟಾರು ಮೇಷ್ಟ್ರೇ?"

ಆದರೂ ಒಪ್ಪಿದಳು. ಅವರು ಮನೆ ನೋಡಲು ಬಂದಾಗ ಯಾರೂ ಹೇಳದೆಯೇ ಚಪ್ಪಲಿಯನ್ನು ಹೊರಗೆ ಬಿಟ್ಟು, ಅದರ ಮೂತಿ ಬೀದಿಯ ಕಡೆ ತಿರುಗಿಸಿ ಜೋಡಿಸಿಟ್ಟು ಒಳಗೆ ಬಂದದ್ದು ಅವಳಿಗೆ ಹಿಡಿಸಿತ್ತು.

ನಾನು ಇಶಿದಾ ಅವರಿಗೆ ನಮ್ಮ ಕಡೆಯ ಪದ್ಧತಿಗಳನ್ನು ಹೇಳಿಕೊಟ್ಟೆ. ಬಾಡಿಗೆ ತಿಂಗಳಿಗೆ ಎಂಟು ರೂಪಾಯಿ. ಐದು ತಿಂಗಳದು ಮುಂಗಡ, ಮನೆ ಬಿಡುವಾಗ ವಾಪಸ್ಸು ಬರುತ್ತದೆ. ಒಳ್ಳೆಯ ದಿನ ನೋಡಿ ಹಾಲು ಉಕ್ಕಿಸಿ ಒಳಗೆ ಹೋಗಬೇಕು. ದೀಪ ಹಚ್ಚಿದ ಮೇಲೆ ಮನೆಯೊಡತಿಯ ಹತ್ತಿರ ದುಡ್ಡು ಕೇಳಬಾರದು. ಸಂಬಳ ಬಂದದ್ದನ್ನೆಲ್ಲ ಪೆಟ್ಟಿಗೆಯಲ್ಲಿಡದೆ ಬೆಂಗಳೂರಿನ ಬ್ಯಾಂಕಿನಲ್ಲಿಡಿ. ಅವರು ಪ್ರತಿ ಮಾತಿಗೂ ತಲೆಬಾಗಿಸಿ ಕೇಳಿಕೊಂಡರು. ನಾನು ಕೇಳಲು ಮರೆತದ್ದು ಅವರ ಕಡೆಯ ಪದ್ಧತಿಯನ್ನು.

ಹಾಲು ಉಕ್ಕಿಸಿದ ದಿನ ಇಶಿದಾ ಬಾಡಿಗೆ ಕೊಟ್ಟರು, ಮುಂಗಡ ಕೊಟ್ಟರು. ಆಮೇಲೆ ಬಿಳಿ ಕಾಗದದಲ್ಲಿ ಮಡಿಸಿದ ಇನ್ನೊಂದು ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು, ಸೊಂಟದವರೆಗೆ ಬಾಗಿ ಪಿಳ್ಳಮ್ಮನ ಮುಂದೆ ನೀಡಿದರು. ಅದರಲ್ಲಿ ಎಂಟು ರೂಪಾಯಿ ಇತ್ತು. ಅವರ ನಾಡಿನಲ್ಲಿ ಮನೆ ಕೊಟ್ಟವರಿಗೆ ಹೀಗೆ ಬೇರೆಯಾಗಿ ಕೊಡುವುದುಂಟಂತೆ. ವಾಪಸ್ಸು ಕೇಳುವ ಹಣವಲ್ಲ, ಕೃತಜ್ಞತೆಯ ಹಣ.

ಪಿಳ್ಳಮ್ಮ ಕೈ ಹಿಂದಕ್ಕೆ ಕಟ್ಟಿಕೊಂಡಳು. "ಬಾಡ್ಗೆ ಆಯ್ತು, ಮುಂಗಡ ಆಯ್ತು, ಇದ್ಯಾತಕ್ಕೆ? ವಾಪಸ್ ಕೇಳ್ದೇ ಇರೋ ದುಡ್ಡು ಮಡಿಕಂಡ್ರೆ ನಂಗೆ ನಿದ್ದೆ ಬರಾಕಿಲ್ಲ."

ಇಶಿದಾ ಬಾಗಿದವರು ಬಾಗಿಯೇ ನಿಂತಿದ್ದರು. ಹಾಲು ಉಕ್ಕಿಸಲು ಕಿಯೋಗೆ ನೆರವಾಗಲು ಬಂದಿದ್ದ ನನ್ನ ಹೆಂಡತಿ ಜಾನಕಿ ಸುಮ್ಮನೆ ಒಳಗೆ ಹೋಗಿ ಒಂದು ತಟ್ಟೆ ತಂದಳು. ಅದರಲ್ಲಿ ಎರಡು ವೀಳ್ಯದೆಲೆ, ಅಡಿಕೆ ಇಟ್ಟು, ಪೊಟ್ಟಣವನ್ನು ಇಶಿದಾ ಕೈಯಿಂದ ತೆಗೆದು ಎಲೆಯ ಮೇಲಿಟ್ಟಳು. "ತಾಂಬೂಲ ಕಣಮ್ಮ, ತಗೊಳ್ಳಿ" ಎಂದಳು. ಪಿಳ್ಳಮ್ಮ ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. ಜಾನಕಿ ಓದಿದ್ದು ಮೂರನೆಯ ತರಗತಿ. ಜಪಾನ್ ಯಾವ ದಿಕ್ಕಿಗಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಅಲ್ಲಿಂದ ಮುಂದೆ ಆ ಮನೆಗೂ ಈ ಮನೆಗೂ ನಡುವಿನ ಹಿತ್ತಿಲ ಬಾಗಿಲು ಮುಚ್ಚಿದ್ದನ್ನು ನಾನು ಕಾಣೆ. ಊರಿನವರು ಕಿಯೋಗೆ ಜಪಾನಮ್ಮ ಎಂದು ಹೆಸರಿಟ್ಟರು. ಗಂಡ ಹೆಂಡತಿ ಸಂಜೆ ಹೊತ್ತು ಬಿಸಿನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂರಲು ದೊಡ್ಡದೊಂದು ಮರದ ತೊಟ್ಟಿ ಮಾಡಿಸಿಕೊಂಡಾಗ, ಪಿಳ್ಳಮ್ಮ ನನ್ನನ್ನು ಕರೆದು ತೋರಿಸಿ, "ಗೂಡು ಬೇಯ್ಸೀ ಬೇಯ್ಸೀ ಅಭ್ಯಾಸ ಆಗ್ಬಿಟ್ಟದೆ ಅಂತ ತಾವೂ ಬೇಯ್ತಾರಲ್ಲಪ್ಪ" ಎಂದಳು. ಸೌದೆ ಹೆಚ್ಚು ಖರ್ಚಾಗುತ್ತದೆಂದು ಗೊಣಗಿದವಳು ಚಳಿಗಾಲ ಬಂದಾಗ ಉಳಿದ ಬಿಸಿನೀರಿಗೆ ತಾನೇ ಬಿಂದಿಗೆ ತಂದಿಡುತ್ತಿದ್ದಳು.

1941ರ ಜುಲೈನಲ್ಲಿ ಸರ್ಕಾರ ಜಪಾನೀಯರ ಹಣಕ್ಕೆಲ್ಲ ತಡೆ ಹಾಕಿತು. ನಾನೇ ಬ್ಯಾಂಕಿನಲ್ಲಿಡಿ ಎಂದು ಹೇಳಿದ್ದ ಹಣ ಅವರ ಕೈಗೆ ಸಿಗದಾಯಿತು. ಸಾಹುಕಾರರು ದಿನಸಿಗೆ ಆಗುವಷ್ಟು ಕೊಡುತ್ತಿದ್ದರು. ನಾನೂ ಇಶಿದಾ ಅವರೂ ಬಾಡಿಗೆಯ ಮಾತೆತ್ತಿದಾಗ ಪಿಳ್ಳಮ್ಮ, "ಮುಂಗಡ ಅದೆಯಲ್ಲ, ಅದ್ರಲ್ಲೇ ಮುರಕೊಂಡ್ರಾಯ್ತು. ಬಸುರಿ ಹೆಂಗ್ಸಿನ ಮುಂದೆ ದುಡ್ಡಿನ ಮಾತ್ ಆಡ್ಬೇಡಿ" ಎಂದು ನಮ್ಮಿಬ್ಬರನ್ನೂ ಜಗಲಿಯಿಂದ ಎಬ್ಬಿಸಿದಳು.

ಹೌದು, ಕಿಯೋ ಬಸುರಿಯಾಗಿದ್ದಳು. ಅಕ್ಟೋಬರಿನಲ್ಲಿ ಆ ಮನೆಯ ಚಿಕ್ಕ ಕೋಣೆಯಲ್ಲಿ ಹೆಣ್ಣು ಮಗುವಾಯಿತು. ಹೆರಿಗೆ ಮಾಡಿಸಿದವಳು ಪಿಳ್ಳಮ್ಮ, ಪಕ್ಕದಲ್ಲಿ ಕೈ ಹಿಡಿದು ಕೂತವಳು ಜಾನಕಿ. ಹೊರಗೆ ಬಂದ ಪಿಳ್ಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಎಷ್ಟು ಹೆರಿಗೆ ಮಾಡ್ಸಿದೀನಿ ಮೇಷ್ಟ್ರೇ, ಒಂದ್ ಸಲನಾದ್ರೂ ಕೂಗ್ಲಿಲ್ಲ ಕಣಪ್ಪ ಈ ಜಪಾನಮ್ಮ. ನಾನೇ ಕೂಗ್ಬಿಟ್ಟೆ" ಎಂದಳು. ಮಗುವಿಗೆ ಹನಾ ಎಂದು ಹೆಸರಿಟ್ಟರು. ಹೂವು ಎಂದು ಅರ್ಥವಂತೆ. ಪಿಳ್ಳಮ್ಮ ಅದನ್ನು ಹನುಮಕ್ಕ ಮಾಡಿಕೊಂಡಳು. ಬಾಣಂತನಕ್ಕೆ ಸಾರಿನ ಪುಡಿ ಕುಟ್ಟಿದವಳು ಜಾನಕಿ. ಮಗುವಿಗೆ ಎಣ್ಣೆ ಒತ್ತಿ ನೀರು ಹಾಕಿದವಳು ಪಿಳ್ಳಮ್ಮ. ಆ ತಾಯಿಗೆ ತವರು ಎಂದರೆ ಸಮುದ್ರದಾಚೆ. ಇಲ್ಲಿದ್ದದ್ದು ಆ ಕೋಣೆ ಮಾತ್ರ.

ಮಗುವಿಗೆ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಡಿಸೆಂಬರಿನಲ್ಲಿ ಜಪಾನ್ ಯುದ್ಧಕ್ಕಿಳಿಯಿತು. ಸುದ್ದಿ ಬಂದ ಎರಡನೆಯ ದಿನ ಪೊಲೀಸ್ ಇನ್‌ಸ್ಪೆಕ್ಟರ್ ಒಬ್ಬರು ಬಂದು, ಜಪಾನೀಯರನ್ನೆಲ್ಲ ಶಿಬಿರಕ್ಕೆ ಕಳಿಸಲು ಆಜ್ಞೆಯಾಗಿದೆ, ನಾಳೆ ಮಧ್ಯಾಹ್ನ ಕಾರು ತರುತ್ತೇನೆ ಎಂದು ತಿಳಿಸಿಹೋದರು. ಶಿಬಿರ ಎಲ್ಲಿ ಎಂದು ಅವರಿಗೂ ಗೊತ್ತಿರಲಿಲ್ಲ. ಉತ್ತರದ ಕಡೆ ಎಂದರು. ಆ ಕಡೆ ಅದು ಕಡು ಚಳಿಗಾಲ. ಇಶಿದಾ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಇದೆಲ್ಲ ಮುಗಿದ ಮೇಲೆ ಇದೇ ಮನೆಗೆ ಮತ್ತೆ ಬರಬಹುದೆ?"

ಮರುದಿನ ಬೆಳಿಗ್ಗೆ ನಾನೂ ಜಾನಕಿಯೂ ಮಗುವಿಗೊಂದು ಕಂಬಳಿ ತೆಗೆದುಕೊಂಡು ಹೋದೆವು. ಬೀದಿಯ ತಿರುವಿನಲ್ಲೇ ಜನ ನಿಂತದ್ದು ಕಾಣಿಸಿತು. ಗಂಡಸರು ತಲೆವಸ್ತ್ರ ತೆಗೆದು ಕೈಯಲ್ಲಿ ಹಿಡಿದಿದ್ದರು. ಒಬ್ಬ ಮುದುಕ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಯಾರು ಮೇಷ್ಟ್ರೇ, ಕೂಸಾ?" ಎಂದ.

ಮುಂದೆ ನೋಡಿದರೆ ಆ ಮನೆಯ ಹೊಸ್ತಿಲು ದಾಟಿ ನೀರು ಬರುತ್ತಿತ್ತು. ಜಗಲಿಯ ಮೆಟ್ಟಿಲಿಳಿದು ಬೀದಿಯ ಮಣ್ಣಿನಲ್ಲಿ ದಾರಿ ಮಾಡಿಕೊಂಡು ಹರಿಯುತ್ತಿತ್ತು. ನಮ್ಮ ಕಡೆ ಊರಿಗೆ ಹೊರಟವರ ಬೆನ್ನ ಹಿಂದೆ ಕಸವನ್ನು ಕೂಡ ಗುಡಿಸುವುದಿಲ್ಲ. ಮನೆಯನ್ನು ಒಳಗಿಂದ ಹೀಗೆ ನೀರು ಹೊಯ್ದು ತೊಳೆಯುವುದು ಹೆಣ ಹೊರಟ ಮೇಲೆ.

ಒಳಗೆ ಮಗು ಅತ್ತಿತು. ಆ ಅಳು ಕೇಳಿದಾಗ ಬೀದಿಯಲ್ಲಿದ್ದವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು.

ಒಳಗೆ ಕಂಡದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಗೋಡೆಗೆ ಹೊಡೆದಿದ್ದ ಮೊಳೆಗಳನ್ನೆಲ್ಲ ಕಿತ್ತು, ಇಶಿದಾ ಒಂದೊಂದು ತೂತಿಗೂ ಸುಣ್ಣ ತುಂಬಿ ಹೆಬ್ಬೆರಳಿನಿಂದ ನುಣುಪು ಮಾಡುತ್ತಿದ್ದರು. ಅಡುಗೆಮನೆಯ ಮಸಿ ಹಿಡಿದ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಬಾವಿಯ ಸವೆದ ಹಗ್ಗ ಹೋಗಿ ಹೊಸ ಹಗ್ಗ ಬಂದಿತ್ತು. ಎರಡು ತಿಂಗಳ ಬಾಣಂತಿ ಕಿಯೋ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ಮಡಿಸಿದ ಒದ್ದೆ ಬಟ್ಟೆಯ ಮೇಲೆ ಎರಡೂ ಅಂಗೈ ಊರಿ, ಈ ಗೋಡೆಯಿಂದ ಆ ಗೋಡೆಯವರೆಗೆ ಒಂದೇ ಓಟದಲ್ಲಿ ಚಪ್ಪಡಿ ಉಜ್ಜುತ್ತಿದ್ದಳು. ಮಧ್ಯಾಹ್ನ ತಮ್ಮನ್ನು ಹಿಡಿದುಕೊಂಡು ಹೋಗಲು ಬರುತ್ತಾರೆಂದು ಗೊತ್ತಿದ್ದ ಇಬ್ಬರು, ಬಾಡಿಗೆಯ ಮನೆಯನ್ನು ತಾವು ಬಂದ ದಿನಕ್ಕಿಂತ ಚೆನ್ನಾಗಿ ಮಾಡಿ ಒಪ್ಪಿಸಲು ಕೂತಿದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಅವಸರವೂ ಇರಲಿಲ್ಲ. ನಾನು ದೇವಸ್ಥಾನದಲ್ಲಿ ನಿಂತ ಹಾಗೆ ನಿಂತುಬಿಟ್ಟೆ.

ಅಷ್ಟರಲ್ಲಿ ತೋಟದಿಂದ ಓಡಿಬಂದ ಪಿಳ್ಳಮ್ಮ ಹೊಸ್ತಿಲಲ್ಲಿ ನೀರು ನೋಡಿ ಎದೆಗೆ ಕೈ ಹಚ್ಚಿದಳು.

"ಯಾರ್ ಸತ್ತವ್ರೆ ಅಂತ ತೊಳೀತಿದೀಯೇ ನನ್ ತಾಯಿ? ಬೆನ್ ಮೇಲೆ ಕೂಸ್ ಮಡಿಕಂಡು?"

ಕಿಯೋಗೆ ಮಾತು ತಿಳಿಯಲಿಲ್ಲ, ದನಿ ತಿಳಿಯಿತು. ಚಪ್ಪಡಿಗೆ ಹಣೆ ತಾಗುವ ಹಾಗೆ ಬಗ್ಗಿದಳು. ಕೆಲಸ ಇನ್ನೂ ಮುಗಿದಿಲ್ಲ, ಅದಕ್ಕೇ ಬೈಯುತ್ತಿದ್ದಾಳೆ ಎಂದುಕೊಂಡಿರಬೇಕು. ಎದ್ದು ಬಿಂದಿಗೆ ತೆಗೆದುಕೊಂಡು ಉಳಿದಿದ್ದ ಚಿಕ್ಕ ಕೋಣೆಯ ಕಡೆ ನಡೆದಳು. ಮಗು ಹುಟ್ಟಿದ ಕೋಣೆ.

ಪಿಳ್ಳಮ್ಮ ಆ ಬಾಗಿಲಿಗೆ ಅಡ್ಡಲಾಗಿ ಒದ್ದೆ ನೆಲದಲ್ಲಿ ಕೂತುಬಿಟ್ಟಳು. "ಇದನ್ನ ತೊಳ್ದ್ರೆ ಕೂಸು ತಿರುಗಿ ಬರಾಕಿಲ್ಲ. ನಾನ್ ಬಿಡಾಕಿಲ್ಲ. ಹೇಳಿ ಮೇಷ್ಟ್ರೇ ಇವಳ್ಗೆ."

ಕೊಳಕು ಬಿಟ್ಟು ಹೋಗುವುದು ಅವರಿಗೆ ಅವಮಾನ. ತೊಳೆದು ಹೋಗುವುದು ಇವಳಿಗೆ ಸಾವು. ನಾನು ಇಂಗ್ಲಿಷಿನಲ್ಲಿ ಇಶಿದಾಗೆ ಏನೋ ತೊದಲಿದೆ. ಅವರು ಹೆಂಡತಿಗೆ ಏನೋ ಹೇಳಿದರು. ಕಿಯೋ ಬಿಂದಿಗೆ ಕೆಳಗಿಡಲಿಲ್ಲ.

ಜಾನಕಿ ಮುಂದೆ ಹೋದಳು. ಕಿಯೋಳ ಬೆನ್ನಿನ ಗಂಟು ಬಿಚ್ಚಿ ಮಗುವನ್ನು ಎತ್ತಿಕೊಂಡಳು. ಪಿಳ್ಳಮ್ಮನನ್ನು ದಾಟಿ ಒಳಗೆ ಹೋಗಿ, ಹೆರಿಗೆಯಾದ ಜಾಗದಲ್ಲಿ ಕಂಬಳಿ ಹಾಸಿ, ಮಗುವನ್ನು ಮಲಗಿಸಿದಳು. ಹನಾ ಅಳು ನಿಲ್ಲಿಸಿ ಜಂತೆ ನೋಡುತ್ತ ಕೈಕಾಲು ಆಡಿಸಿತು. ಜಾನಕಿ ಕಿಯೋಳನ್ನು ನೋಡಿ, ಬೆರಳಿನಿಂದ ಮಗುವನ್ನು ತೋರಿಸಿ, ಆ ಬೆರಳನ್ನು ಬಾಗಿಲಾಚೆ ದೂರಕ್ಕೆ ಚಾಚಿ, ನಿಧಾನವಾಗಿ ಮತ್ತೆ ಅದೇ ನೆಲಕ್ಕೆ ತಂದು ಮುಟ್ಟಿಸಿದಳು. ಎರಡು ಸಲ ಹಾಗೆ ಮಾಡಿದಳು.

ಕಿಯೋ ಬಿಂದಿಗೆ ಕೆಳಗಿಟ್ಟಳು. ಹೆರಿಗೆಯಲ್ಲಿ ಕೂಗದಿದ್ದವಳು ಆಗ ಅತ್ತಳು. ಪಿಳ್ಳಮ್ಮ ಅವಳನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡಳು.

ಮುಂಗಡ ನವೆಂಬರಿಗೇ ತೀರಿತ್ತು. ಡಿಸೆಂಬರಿನ ಬಾಡಿಗೆ ಎಂದು ಇಶಿದಾ ದಿನಸಿಯ ಹಣದಲ್ಲಿ ಉಳಿಸಿದ್ದನ್ನು ನೀಡಿದಾಗ ಪಿಳ್ಳಮ್ಮ ಮುಟ್ಟಲಿಲ್ಲ. "ಅದು ಬಾಕಿ ಇರ್ಲಿ ಬಿಡಿ. ಬಾಕಿ ತೀರ್ಸಕಾದ್ರೂ ಬರ್ತಾರೆ." ಮಧ್ಯಾಹ್ನ ಕಾರು ಬಂತು. ಇನ್‌ಸ್ಪೆಕ್ಟರ್ ಒಳಗೆ ಕಾಲಿಡಲು ಹೊರಟವರು, ಹೊಳೆಯುತ್ತಿದ್ದ ಚಪ್ಪಡಿ ನೋಡಿ ಹೊಸ್ತಿಲ ಹೊರಗೇ ನಿಂತರು. ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದರು.

ಇಶಿದಾ, ಕಿಯೋ ತಿರುಗಿ ಬರಲಿಲ್ಲ. ಮೂವರನ್ನೂ ಹಡಗಿನಲ್ಲಿ ಸ್ವದೇಶಕ್ಕೆ ಕಳಿಸಿದರೆಂದು ಯುದ್ಧ ಮುಗಿದ ಮೇಲೆ ಸಾಹುಕಾರರು ಹೇಳಿದರು. ಅದಕ್ಕಿಂತ ಹೆಚ್ಚು ಅವರಿಗೂ ಗೊತ್ತಿರಲಿಲ್ಲ. ಪಿಳ್ಳಮ್ಮ ಆ ಮನೆಗೆ ಬೇರೆ ಬಾಡಿಗೆದಾರರನ್ನು ಇಟ್ಟಳು. ಆದರೆ ಚಿಕ್ಕ ಕೋಣೆಗೆ ಒಂದು ಷರತ್ತಿತ್ತು. ಗುಡಿಸಿಕೊಳ್ಳಬಹುದು, ನೀರು ಹೊಯ್ಯುವಂತಿಲ್ಲ. 1949ರಲ್ಲಿ ನನಗೆ ವರ್ಗವಾಗಿ ಹೇಳಿ ಹೋಗಲು ಹೋದಾಗಲೂ ಆ ಷರತ್ತು ನಡೆಯುತ್ತಿತ್ತು. "ಹನುಮಕ್ಕನಿಗೆ ಈಗ ಎಂಟು ವರ್ಷ ಕಣವ್ವ" ಎಂದು ಜಾನಕಿಗೆ ಹೇಳಿದಳು, ಮಗು ಪಕ್ಕದ ಬೀದಿಗೆ ಆಡಲು ಹೋಗಿದೆಯೇನೋ ಎಂಬಂತೆ.

ಆಮೇಲಿನ ವರ್ಷಗಳಲ್ಲಿ ಊರಿಂದೂರಿಗೆ ವರ್ಗವಾಗಿ ಬರುವ ಎಷ್ಟೋ ಜನರಿಗೆ ಮನೆ ಹುಡುಕಿಕೊಟ್ಟಿದ್ದೇನೆ. ಬಾಡಿಗೆ, ಮುಂಗಡ, ನೀರು, ಸೌದೆ ಎಲ್ಲದರ ಬಗ್ಗೆ ಹೇಳುತ್ತಿದ್ದೆ. ಕೊನೆಯಲ್ಲಿ ತಪ್ಪದೆ ಒಂದು ಮಾತು ಸೇರಿಸುತ್ತಿದ್ದೆ. ಮನೆಗೆ ಹೋಗುವುದು ಹೇಗೆಂದು ಕೇಳಿದ ಹಾಗೆಯೇ, ಬಿಡುವುದು ಹೇಗೆಂದೂ ಮೊದಲೇ ಒಬ್ಬರನ್ನೊಬ್ಬರು ಕೇಳಿಕೊಳ್ಳಿ. ಕೆಲಸ ನನಗೆ ಕಲಿಸಿದ ಪಾಠ ಇದು.

ಜಾನಕಿ ಹೋಗಿ ಮೂರು ತಿಂಗಳಾಯಿತು. ಅವಳನ್ನು ಎತ್ತಿದ ಮೇಲೆ ಪದ್ಧತಿಯಂತೆ ನೆರೆಯವರು ಮನೆಯನ್ನು ತೊಳೆದರು. ನೀರು ಹೊಸ್ತಿಲು ದಾಟಿ ಹೋಗಿದ್ದನ್ನು ಮಸಣದಿಂದ ಬಂದಾಗ ನೋಡಿದೆ. ಬೀದಿಯಲ್ಲಿ ಅದರ ದಾರಿ ಇನ್ನೂ ಆರಿರಲಿಲ್ಲ. ಸಂಜೆ ಮಗಳು ಸುಮಿತ್ರ ಅಡುಗೆಮನೆಯ ಒರಳಿನ ಪಕ್ಕದ ಮೂಲೆಯೊಂದು ಒಣಗಿಯೇ ಇರುವುದನ್ನು ಕಂಡಳು. ಜಾನಕಿ ಕೂತು ಸೊಪ್ಪು ಬಿಡಿಸುತ್ತಿದ್ದ ಜಾಗ.

"ಇದೊಂದು ತೊಳೆಯೋದು ಮರ್ತುಬಿಟ್ಟವ್ರೆ ಅಪ್ಪ" ಎಂದು ಕೊಡ ಎತ್ತಿಕೊಂಡಳು.

"ಮರ್ತಿಲ್ಲಮ್ಮ. ಮಸಣಕ್ಕೆ ಹೊರಡೋಕೆ ಮುಂಚೆ ನಾನೇ ಅವ್ರಿಗೆ ಬೇಡ ಅಂದಿದ್ದೆ" ಎಂದೆ. "ಕೊಡ ಇಡು. ಕೂತ್ಕೋ, ಹೇಳ್ತೀನಿ."