ಟ್ಯಾಬ್ ಒತ್ತಿ ನೋಡಿ

ರಬೀಹಾಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ.

ಸಲ್ತ್ ಊರಿನಿಂದ ದಿನಾ ಮಿನಿಬಸ್ಸಿನಲ್ಲಿ ಅಮ್ಮಾನ್‌ಗೆ ಬರುವ ಸಣಕಲು ಹೆಂಗಸು. ಝಾತರ್ ಪುಡಿ ಸವರಿದ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ತಂದು, ಕಂಪ್ಯೂಟರಿನ ಮುಂದೆಯೇ ತಿಂದು, ಕೀಲಿಮಣೆಗೆ ಬಿದ್ದ ಚೂರುಗಳನ್ನು ಉಫ್ ಎಂದು ಊದುತ್ತಾಳೆ. ನಮ್ಮ ಸಾಫ್ಟ್‌ವೇರ್ ಕಂಪನಿಗೆ ನನಗಿಂತ ಆರು ವರ್ಷ ತಡವಾಗಿ ಸೇರಿದವಳು. ಕೆಲಸ ನಿಧಾನ, ಆದರೆ ಅವಳು ಮಾಡಿಕೊಟ್ಟದ್ದು ವಾಪಸ್ ಬಂದದ್ದನ್ನು ನಾನು ನೋಡಿಲ್ಲ. ನನ್ನದು ಎರಡು ದಿನಕ್ಕೆ ಮುಗಿಯುತ್ತದೆ, ನಾಲ್ಕು ಸಲ ವಾಪಸ್ ಬರುತ್ತದೆ. ಎಲ್ಲಿ ಎಡವಟ್ಟಾದರೂ ನಮ್ಮ ಯಜಮಾನ ಉಸ್ತಾದ್ ಶುಕ್ರಿ ಹೇಳುವುದು ಒಂದೇ ಮಾತು: "ರಬೀಹಾನ ಕೇಳಿ." ಅದು ಕಿವಿಗೆ ಬಿದ್ದರೆ ಸಾಕು, ನನ್ನ ಮೈಯೆಲ್ಲ ಉರಿಯುತ್ತದೆ.

ಹೋದ ವರ್ಷ ದೊಡ್ಡ ಕೆಲಸವೊಂದು ಬಂತು. ಹನ್ನೊಂದು ಔಷಧಿ ಅಂಗಡಿಗಳ ಮಾಲೀಕರೊಬ್ಬರು ಚೀಟಿ ತುಂಬುವ ಹಳೆಯ ಕಪ್ಪು ಸ್ಕ್ರೀನಿನ ಸಹವಾಸ ಸಾಕು, ಇನ್ನು ಮುಂದೆ ಎಲ್ಲ ಬ್ರೌಸರಿನಲ್ಲೇ ಆಗಲಿ ಅಂದರು. ಬಟನ್ನು, ಪಟ್ಟಿ, ಖಾನೆ ಎಲ್ಲವನ್ನೂ ನಾವೇ ಬರೆಯುತ್ತ ಕೂತರೆ ಮೊಮ್ಮಕ್ಕಳ ಕಾಲಕ್ಕೆ ಮುಗಿದೀತು. ಅವೆಲ್ಲ ಸಿದ್ಧವಾಗಿ ಸಿಗುವ ಟೂಲ್‌ಕಿಟ್ ಒಂದನ್ನು ಆರಿಸಬೇಕಿತ್ತು. ಉಸ್ತಾದ್ ನಮ್ಮಿಬ್ಬರನ್ನೂ ಕರೆದರು.

"ಲಬೀಬ್, ರಬೀಹಾ, ಇಬ್ಬರೂ ಒಂದೊಂದು ಕಿಟ್ ಆರಿಸ್ಕೊಂಡು ಮಾಡಿ ತೋರಿಸಿ. ಯಾರದ್ದು ಒಪ್ಪಿಗೆಯಾಗತ್ತೋ ಅವರೇ ಈ ಕೆಲಸಕ್ಕೆ ಮುಖ್ಯಸ್ಥರು."

ಆ ಕುರ್ಚಿಗಾಗಿ ನಾನು ಒಂಬತ್ತು ವರ್ಷ ಕಾದಿದ್ದೆ.

ನಾನು ಹಿಡಿದು ತಂದ ಕಿಟ್ ಏನು ಥಳಕು, ಏನು ಬೆಡಗು! ಕಿಟಕಿಗಳು ಜಾರುತ್ತಿದ್ದವು, ಚಾರ್ಟುಗಳು ಅರಳುತ್ತಿದ್ದವು. ಎಡದಿಂದ ಬಲಕ್ಕೆ ಬರೆಯುವ ಜನ ಮಾಡಿದ್ದು, ನಮ್ಮ ಅರಬ್ಬಿ ಬಲದಿಂದ ಎಡಕ್ಕೆ ಹೋಗುತ್ತದೆ, ನಿಜ. ಆದರೇನಂತೆ, ಅಕ್ಷರಗಳನ್ನೆಲ್ಲ ಬಲಕ್ಕೆ ತಳ್ಳಿ, ಹೆಸರಿನ ಖಾನೆಯನ್ನು ಬಲತುದಿಗೆ ಎಳೆದು ಕೂರಿಸಿದೆ. ನೋಡಿದವರ ಕಣ್ಣಿಗೆ ಅಪ್ಪಟ ಅರಬ್ಬಿ. ಮೂರೇ ದಿನದಲ್ಲಿ ಮುಗಿಸಿದ್ದೆ.

ರಬೀಹಾ ಆಫೀಸಿಗೇ ಬರಲಿಲ್ಲ. ಆ ಅಂಗಡಿಯೊಂದರಲ್ಲಿ ಇಪ್ಪತ್ತು ವರ್ಷದಿಂದ ವೈದ್ಯರ ಚೀಟಿ ಟೈಪ್ ಮಾಡುವ ಉಮ್ ನಝೀಹ್ ಎಂಬ ಮುದುಕಿಯ ಪಕ್ಕದಲ್ಲಿ ಹತ್ತು ದಿನ ಸುಮ್ಮನೆ ನೋಡುತ್ತ ಕೂತಿದ್ದಳು.

"ಟೀ ಕುಡಿಯೋಕೂ ಸಂಬಳ ಕೊಡ್ತಾರೇನಮ್ಮಾ?" ಎಂದು ಫೋನ್ ಮಾಡಿ ಕೆಣಕಿದೆ.

"ಉಮ್ ನಝೀಹ್ ಟೀ ಚೆನ್ನಾಗಿ ಮಾಡ್ತಾರೆ ಅಣ್ಣಾ. ಸಕ್ಕರೆ ಒಂದು ಜಾಸ್ತಿ" ಅಂದಳು. ಈ ಹೆಂಗಸಿಗೆ ಕೋಪವೂ ಬರುವುದಿಲ್ಲ. ಅದೂ ನನಗೆ ಆಗುವುದಿಲ್ಲ.

ಅವಳ ಕಿಟ್‌ನಲ್ಲಿ ಮಾಡಿದ ಸ್ಕ್ರೀನ್ ಬೋಳು ಬೋಳು. ನೋಡಿ ಒಳಗೊಳಗೇ ಹಿಗ್ಗಿದೆ. ಡೆಮೊದ ಹಿಂದಿನ ದಿನ ಅವಳು ನನ್ನ ಮೇಜಿನ ಹತ್ತಿರ ಬಂದು, ಸ್ವಲ್ಪ ಹೊತ್ತು ನೋಡಿ, "ಅಣ್ಣಾ, ಮೌಸ್ ಬಿಟ್ಟು ಒಂದ್ಸಲ ಟ್ಯಾಬ್ ಒತ್ತಿ ನೋಡಿ" ಅಂದಳು.

ಹೊಟ್ಟೆಕಿಚ್ಚು! ಕೊನೆಗೂ ಇವಳಿಗೂ ಬಂತಲ್ಲ ಎಂದು ನನಗೆ ಎಂಥ ಖುಷಿ ಅಂತೀರಿ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೋಗಮ್ಮಾ, ನಿಂದು ನೋಡ್ಕೋ ಹೋಗು" ಅಂದೆ. ಟ್ಯಾಬ್ ಒತ್ತಲಿಲ್ಲ.

ಮರುದಿನ ಡೆಮೊಗೆ ಉಸ್ತಾದ್ ಉಮ್ ನಝೀಹ್‌ಳನ್ನೇ ಕರೆಸಿದ್ದರು. ನನ್ನ ಸ್ಕ್ರೀನ್ ನೋಡಿ ಆಕೆ, "ಮಾಶಾ ಅಲ್ಲಾಹ್, ಮದುವೆ ಮನೆ ಇದ್ದಂಗಿದೆಯಲ್ಲೋ!" ಅಂದಳು. ನಾನು ರಬೀಹಾಳ ಕಡೆ ಗೆದ್ದವನ ಹಾಗೆ ನೋಡಿದೆ.

ಆಮೇಲೆ ಮುದುಕಿ ಕನ್ನಡಕ ಏರಿಸಿ, ಚೀಟಿಯನ್ನು ಎದುರಿಗಿಟ್ಟುಕೊಂಡು ಟೈಪ್ ಮಾಡತೊಡಗಿದಳು. ಮೌಸ್ ಮುಟ್ಟಲಿಲ್ಲ, ಸ್ಕ್ರೀನಿನ ಕಡೆ ತಲೆಯೇ ಎತ್ತಲಿಲ್ಲ. ಒಂದು ಖಾನೆ ತುಂಬುವುದು, ಟ್ಯಾಬ್ ಒತ್ತಿ ಮುಂದಿನ ಖಾನೆಗೆ ಹೋಗುವುದು. ಇಪ್ಪತ್ತು ವರ್ಷ ಬಲದಿಂದ ಎಡಕ್ಕೆ ಹಾಗೆಯೇ ನಡೆದ ಕೈ. ನನ್ನ ಕಿಟ್‌ಗೆ ನಾನು ಅರಬ್ಬಿ ವೇಷ ಹಾಕಿದ್ದೆನೇ ಹೊರತು, ಒಳಗೆ ಅದು ಇನ್ನೂ ಎಡತುದಿಯಿಂದ ಹೊರಟು ಬಲಕ್ಕೇ ನಡೆಯುತ್ತಿತ್ತು. ಆಕೆ ತಲೆಯೆತ್ತಿದಾಗ ಮಾತ್ರೆ ಎಷ್ಟು ಎನ್ನುವ ಖಾನೆಯಲ್ಲಿ ರೋಗಿಯ ಹೆಸರಿತ್ತು, ರೋಗಿಯ ಹೆಸರಿನ ಖಾನೆಯಲ್ಲಿ ಮೂವತ್ತು ಎಂದಿತ್ತು.

"ಯಾರಪ್ಪಾ ಇವನು ಮೂವತ್ತು? ಯಾರ ಮಗ?" ಅಂದಳು ಮುದುಕಿ. "ಮೇಲೆ ಥಳಕು, ಒಳಗೆ ಹುಳುಕು!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ರಬೀಹಾ ಮಾತ್ರ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.

ಟ್ಯಾಬ್ ಒತ್ತಿದರೆ ಬಲದಿಂದ ಎಡಕ್ಕೇ ನಡೆಯುವ ಅವಳ ಬೋಳು ಸ್ಕ್ರೀನಿನಲ್ಲಿ ಮುದುಕಿ ಏಳು ಚೀಟಿ ಮುಗಿಸಿ, "ಇಷ್ಟೇನಾ? ಇನ್ನೂ ಇದ್ರೆ ಕೊಡಿ" ಅಂದಳು. ಅಲ್ಲಿಗೆ ತೀರ್ಮಾನವಾಯಿತು.

ಗುರುವಾರ ಉಸ್ತಾದ್ ನನ್ನನ್ನು ಒಳಗೆ ಕರೆದರು. "ಕಿಟ್ ಅವಳದ್ದೇ. ಆದ್ರೆ ಮುಖ್ಯಸ್ಥೆ ಆಗಲ್ವಂತೆ. ಸ್ಕ್ರೀನ್ ಅಂದ್ರೆ ಲಬೀಬಣ್ಣನ ಕೈಯೇ ಕೈ, ಅವರೇ ನಡೆಸ್ಲಿ ಅಂತ ಹಟ ಹಿಡಿದು ಕೂತಿದ್ದಾಳೆ. ನೀನೇನಂತೀಯಾ?"

ಏನಂತೀನಿ? ಒಪ್ಪಿಕೊಂಡೆ.

ಈಗ ಆ ಕುರ್ಚಿಯಲ್ಲೇ ಕೂತಿದ್ದೇನೆ. ಎದುರಿನ ಮೇಜಿನಲ್ಲಿ ಅವಳು ರೊಟ್ಟಿಯ ಚೂರು ಊದುತ್ತಾಳೆ. ಸೋತದ್ದನ್ನು ಹೇಗೋ ನುಂಗಿಕೊಂಡೆ. ಅವಳು ಕೊಟ್ಟದ್ದನ್ನು ಕೈಚಾಚಿ ತೆಗೆದುಕೊಂಡೆನಲ್ಲ, ಅದು ಇಳಿಯುತ್ತಿಲ್ಲ. ಅವಳಾಗಿದ್ದರೆ ಬೇಡ ಅನ್ನುತ್ತಿದ್ದಳು. ನಾನು ಅವಳಲ್ಲ. ನನ್ನ ಹೊಟ್ಟೆಕಿಚ್ಚು ಇರುವುದೇ ಅದಕ್ಕೆ.